ಉದಯಣ್ಣನ ದನಿಯಲ್ಲಿ ಚಟ್ ಚಟ್

ಜನವರಿ 6, ಸೋಮವಾರ

ಬಟ್ಟೆ ಅಂಗಡಿಯ ಆಟೋ ಪ್ರಚಾರ ರೆಕಾರ್ಡ್ ಮಾಡುತ್ತಿದ್ದೆ. ಮತ್ತೆ ಅದೇ. "ಬನ್ನಿ, ನೋಡಿ, ಆರಿಸಿ—ಚಟ್—ಕೊಳ್ಳಿ." ಓದುವಾಗ ಹೆಡ್‌ಫೋನಿನಲ್ಲಿ ಚಟ್ ಇಲ್ಲ. ಪ್ಲೇ ಮಾಡಿದರೆ ಕಾದ ಎಣ್ಣೆಗೆ ನೀರು ಸಿಡಿದ ಹಾಗೆ. ಮೈಕಿನ ಕೇಬಲ್ ಬದಲಿಸಿದೆ. ಚಟ್. ಮೈಕನ್ನೇ ಬದಲಿಸಿದೆ. ಚಟ್.

ನನ್ನ ಅಬ್ಬಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಶಿರಸಿಯಲ್ಲಿ ಜೀವಮಾನವಿಡೀ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು, ಊರಿಗೆಲ್ಲ ಬಷೀರ್ ಸಾಬ್. ಅವರ ಪ್ರಕಾರ ಜಗತ್ತಿನ ಎಲ್ಲ ಕೆಟ್ಟ ಸದ್ದಿಗೂ ಕಾರಣ ಒಂದೇ.

"ಅರ್ಥಿಂಗ್ ಸರಿ ಇಲ್ಲ ಬೇಟಾ."

ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಗೆ ಕೊಡ ನೀರು ಸುರಿದು ಬಂದರು. "ಈಗ ನೋಡು." ನೋಡಿದೆ. ಚಟ್. "ಇನ್ನೊಂದು ಕೊಡ ಬೇಕು" ಎಂದರು.

ಕೊನೆಗೆ ಒಂದೊಂದೇ ವಾಕ್ಯ ಓದಿ, ಚಟ್ ಬಿದ್ದಲ್ಲಿ ಕತ್ತರಿಸಿ, ಅಂಟಿಸಿ ಕಳಿಸಿದೆ. ಅಂಗಡಿಯವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಲ್ಲ... ಕೂತಲ್ಲಿ ಕೂರಲಾಗುತ್ತಿಲ್ಲ.

ಜನವರಿ 8, ಬುಧವಾರ

ಮಮತಕ್ಕ ಬಂದಿದ್ದಳು. ಫೋನ್ ಮಾಡದೆ, ತ್ಯಾಗಲಿಯಿಂದ ಬಸ್ಸಿನಲ್ಲಿ. ಉದಯಣ್ಣನ ಹೆಂಡತಿ. ಉದಯಣ್ಣ ಅಂದರೆ ವಾಲಿಬಾಲ್ ಉದಯ. ಶಿರಸಿ, ಸಿದ್ದಾಪುರ, ಯಲ್ಲಾಪುರ—ಎಲ್ಲಿ ಟೂರ್ನಮೆಂಟ್ ಆದರೂ ಕಾಮೆಂಟರಿ ಅವನದು, ಮೈಕು ಅಬ್ಬಾನದು. ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ಕೇಳಿದ ದನಿ. ಆಟ ನೋಡದೆ ಅವನನ್ನೇ ಕೇಳಿಕೊಂಡು ಕೂರುವವರಿದ್ದರು.

ದೀಪಾವಳಿಯಿಂದ ಗಂಟಲು ಕಟ್ಟಿತ್ತು. ಕೂಗಿ ಕೂಗಿ ಆಗಿದ್ದು ಅಂದುಕೊಂಡಿದ್ದರು. ಅಲ್ಲವಂತೆ. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದಾರೆ. ಇಪ್ಪತ್ನಾಲ್ಕಕ್ಕೆ ಆಪರೇಷನ್.

ಮಮತಕ್ಕ ಅಳಲಿಲ್ಲ. ಚಹಾದ ಲೋಟ ತಿರುಗಿಸುತ್ತ ಹೇಳಿದಳು. "ಜೀವಕ್ಕೆ ಎಂತ ಆಗುದಿಲ್ಲ ಹೇಳಿದಾರೆ. ದನಿ ಮಾತ್ರ ಹೋಗ್ತದೆ. ಸನ್ನಿಧಿ ಇನ್ನೂ ಸಣ್ಣದು, ಅಪ್ಪ ಹ್ಯಾಂಗೆ ಮಾತಾಡ್ತಿದ್ದ ಹೇಳಿ ಮರ್ತು ಹೋಗ್ತದೆ. ಒಂದು ರೆಕಾರ್ಡ್ ಮಾಡಿಕೊಡು. ಕಾಮೆಂಟರಿ ಅಲ್ಲ ಮತ್ತೆ. ಅದು ಊರವರ ಮೊಬೈಲಲ್ಲಿ ಬೇಕಾದಷ್ಟು ಅದೆ. ಮನೆ ಮಾತು ಬೇಕು."

"ಮೊಬೈಲಲ್ಲೇ ಮಾಡಬಹುದಿತ್ತಲ್ಲ ಅಕ್ಕಾ?"

"ಮೊಬೈಲ್ ಹಿಡಿದ್ರೆ ಬಾಯೇ ಬಿಡುದಿಲ್ಲ ಅವರು. ಸ್ಟುಡಿಯೋ ಅಂದ್ರೆ ಬರ್ತೆ ಹೇಳಿದ್ರು. ನಿನ್ನ ಮಿಷನ್ ಎಲ್ಲ ಸರಿ ಅದೆ ಅಲ್ದಾ?"

"ಸರಿ ಇದೆ ಅಕ್ಕಾ" ಎಂದೆ.

ಯಾಕೆ ಹಾಗೆ ಹೇಳಿದೆ?

ಜನವರಿ 11, ಶನಿವಾರ

ಬೆಳಿಗ್ಗೆಯೇ ಬಂದರು. ಬೆಳಗಿನ ಹೊತ್ತು ಸ್ವಲ್ಪ ಹೊತ್ತು ದನಿ ತಿಳಿಯಾಗಿರುತ್ತದಂತೆ, ಆಮೇಲೆ ಗರಗರ. ಉದಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಬ್ಬಾ ಅವನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಇಬ್ಬರೂ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಹುಲಗೋಳದ ಟೂರ್ನಮೆಂಟಿನಲ್ಲಿ ಯಾವ ತಂಡ ಗೆದ್ದಿತು ಅನ್ನುವುದೇ ಮಾತು.

ಮೈಕಿನ ಮುಂದೆ ಕೂತವನು ಬೇರೆಯೇ ಮನುಷ್ಯ. ಸಾವಿರಾರು ಜನರ ಎದುರು ಹೆದರದವನು ನನ್ನ ಕೋಣೆಯ ಗಾದಿ ಹೊದಿಸಿದ ಗೋಡೆಗೆ ಹೆದರಿದ. ಬರೆದುಕೊಂಡು ಬಂದದ್ದನ್ನು ವಾರ್ತೆಯ ಹಾಗೆ ಓದಿದ. "ಪ್ರೀತಿಯ ಮಗಳೇ, ವಿದ್ಯೆಯೇ ನಿನ್ನ ಸಂಪತ್ತು..." ಮಮತಕ್ಕ ಹಣೆ ಚಚ್ಚಿಕೊಂಡಳು. "ಮನೇಲಿ ಹೀಂಗೆ ಮಾತಾಡ್ತ್ರಾ ನೀವು? ಪಂಚಾಯ್ತಿ ಭಾಷಣ ಆಯ್ತು ಇದು."

ಆದರೂ ಬಹಳ ಹೊತ್ತು ಮಾತಾಡಿದ. ಕೊನೆಕೊನೆಗೆ ಸಡಿಲವಾದ. ಸನ್ನಿಧಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ಮುದ್ದು ಮಾಡಿದ ಕತೆ ಹೇಳಿದ. ಮಮತಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ಇದು ಸಿಕ್ಕಿತು ಅಂದುಕೊಂಡೆ.

ಪ್ಲೇ ಮಾಡಿದೆ. "ನಿನ್ನ ಅಜ್ಜಿ ಓಡಿ ಬಂ—ಚಟ್—ನಮ್ದಲ್ಲ ಅದು—ಚಟ್ ಚಟ್—" ಮಧ್ಯೆ ಶಬ್ದಗಳೇ ಇಲ್ಲ. ಇಲಿ ತಿಂದ ಬಟ್ಟೆ.

ಮುಂಜಾನೆಯೇ ಪರೀಕ್ಷೆ ಮಾಡಿಟ್ಟಿದ್ದೆ. ಆಗ ಸರಿಯಿತ್ತು, ಅಥವಾ ಸರಿಯಿದೆ ಅಂದುಕೊಳ್ಳುವಷ್ಟೇ ಹೊತ್ತು ಕೇಳಿದ್ದೆ. ನನ್ನ ಹೆಡ್‌ಫೋನಿಗೆ ದನಿ ನೇರವಾಗಿ ಕರಿ ಡಬ್ಬಿಯಿಂದ ಬರುತ್ತದೆ—ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೋ ಇಂಟರ್‌ಫೇಸಿಗೆ ಅಬ್ಬಾ ಇಟ್ಟ ಹೆಸರು. ಕಂಪ್ಯೂಟರಿನ ಒಳಗೆ ಹೋದ ಮೇಲೆ ಏನಾಗುತ್ತಿದೆ ಅಂತ ರೆಕಾರ್ಡ್ ಮಾಡುವಾಗ ತಿಳಿಯುವುದೇ ಇಲ್ಲ.

ಮತ್ತೊಮ್ಮೆ ಹೇಳಲು ದನಿ ಉಳಿದಿರಲಿಲ್ಲ. ಉದಯಣ್ಣ ಕೈಯಾಡಿಸಿ "ಇರ್ಲಿ" ಅಂತ ಸನ್ನೆ ಮಾಡಿದ. ಮಮತಕ್ಕ ನನ್ನ ಮುಖ ನೋಡಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಬೆನ್ನು ನನ್ನ ಕಡೆ.

ಜನವರಿ 13, ಸೋಮವಾರ

ಬಫರ್ ಹೆಚ್ಚಿಸಿದೆ. ಚಟ್ ಕಡಿಮೆ, ಹೋಗಿಲ್ಲ. ಡ್ರೈವರ್ ತೆಗೆದು ಹೊಸದು ಹಾಕಿದೆ. ಪವರ್ ಸೇವಿಂಗ್ ಆಫ್. ಆಂಟಿವೈರಸ್ ಆಫ್. ಫ್ಯಾನ್ ಆಫ್—ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ.

ಕಂಪ್ಯೂಟರ್ ಅಂಗಡಿಯ ಕಾರ್ತಿಕನನ್ನು ಕರೆಸಿದೆ. ನೋಡಿ ಹೇಳಿದ, "ಫಾರ್ಮ್ಯಾಟ್ ಹೊಡ್ದುಬಿಡುವಾ ಮೇಡಂ." ಅವನಿಗೆ ಎಲ್ಲದಕ್ಕೂ ಫಾರ್ಮ್ಯಾಟ್, ಅಬ್ಬಾಗೆ ಎಲ್ಲದಕ್ಕೂ ಅರ್ಥಿಂಗ್. ಇಬ್ಬರೂ ಸೇರಿ ಚಹಾ ಕುಡಿದರು.

ಅಮ್ಮಿ ತಂದಿಟ್ಟ ಊಟದ ತಟ್ಟೆ ಕೀಬೋರ್ಡ್ ಪಕ್ಕ. ಅನ್ನ ತಣ್ಣಗಾಯಿತು.

ಜನವರಿ 15, ಬುಧವಾರ

ಹೋಯಿತು! ಕರಿ ಡಬ್ಬಿಗೆ ಹೊಸ ಯುಎಸ್‌ಬಿ ಕೇಬಲ್. ಅದನ್ನು ಕಂಪ್ಯೂಟರಿನ ಹಿಂದಿನ ಬೇರೆ ತೂತಿಗೆ ಹಾಕಿದೆ. ಅಲ್ಲಿದ್ದ ವೈಫೈ ಡಾಂಗಲ್ ಕಿತ್ತು ಪಕ್ಕಕ್ಕಿಟ್ಟೆ. ಪೇಪರಿನ ಮೊದಲ ಪುಟದಿಂದ ನಿಧನ ವಾರ್ತೆಯವರೆಗೆ ಓದಿದೆ. ಒಂದೂ ಚಟ್ ಇಲ್ಲ. ಮತ್ತೆ ಓದಿದೆ. ಇಲ್ಲ!

ಹಳೆಯ ಕೇಬಲ್ಲೇ ಕಳ್ಳ. ಕಿಟಕಿಯಿಂದ ಹೊರಗೆ ಎಸೆದೆ. ಅಬ್ಬಾ ಹೆಕ್ಕಿ ತಂದರು.

ಮಮತಕ್ಕನಿಗೆ ಫೋನ್. ನಾಳೆ ಬನ್ನಿ.

ಜನವರಿ 16, ಗುರುವಾರ, ಸಂಜೆ

ಏನು ಬರೆಯಲಿ.

ಉದಯಣ್ಣ ಈ ಸಲ ಚೀಟಿ ತಂದಿರಲಿಲ್ಲ. ಮಮತಕ್ಕ ಕೇಳುತ್ತ ಹೋದಳು, ಅವನು ಉತ್ತರಿಸುತ್ತ ಹೋದ. ದನಿ ಕಳೆದ ವಾರಕ್ಕಿಂತ ಸೋತಿತ್ತು. ಮುಗಿಸಿ ಪ್ಲೇ ಒತ್ತಿದೆ.

ಯಾರೋ ಮುದುಕ ಮಾತಾಡಿದ. ದಪ್ಪಗೆ, ನಿಧಾನಕ್ಕೆ. ನನ್ನ ಬೆರಳು ಅಲ್ಲೇ ನಿಂತಿತು. ಉದಯಣ್ಣ ಮುಂದಕ್ಕೆ ಬಾಗಿದ. "ನಿಲ್ಸಬೇಡ ತಂಗಿ. ಇದು ನಮ್ಮಪ್ಪ."

"ಎಂತ ಅಪ್ಪ?" ಎಂದಳು ಮಮತಕ್ಕ.

"ಅಪ್ಪನ ದನಿ ಮಾರಾಯ್ತಿ. ಹೀಂಗೇ ಇತ್ತು. ಎಷ್ಟು ವರ್ಷ ಆಯ್ತು ಕೇಳದೆ..." ಕಣ್ಣು ಮುಚ್ಚಿ ಕೇಳಿದ. ಮಮತಕ್ಕ ಎದ್ದು ನಿಂತಳು. "ನನಗೆ ಮಾವನ ದನಿ ಬೇಡ. ನಿಮ್ದು ಬೇಕು. ಹತ್ತು ದಿನ ಇಲ್ಲ, ನಿಮಗೆಲ್ಲ ಆಟ ಆಯ್ತಾ?"

ಹೊಸ ಡ್ರೈವರ್ ದನಿಯನ್ನು ಸೆಕೆಂಡಿಗೆ 48 ಸಾವಿರ ತುಣುಕಾಗಿ ಹಿಡಿಯುತ್ತಿತ್ತು, ಕಳೆದ ಶನಿವಾರ ತೆರೆದಿದ್ದ ಹಳೆಯ ಪ್ರಾಜೆಕ್ಟ್ 44 ಸಾವಿರದಂತೆ ನಿಧಾನಕ್ಕೆ ಬಿಡುತ್ತಿತ್ತು. ಸರಿ ಮಾಡುವುದು ಒಂದು ಕ್ಲಿಕ್. ಸರಿ ಮಾಡಿದೆ. ಉದಯಣ್ಣನ ದನಿ ಬಂತು. ಅದರ ಜೊತೆ—ಚಟ್. ಚಟ್ ಚಟ್.

ಉದಯಣ್ಣ ನಕ್ಕ. "ಬಿಡು ತಂಗಿ. ಹೋಗುವ ದನಿ ಹೋಗ್ತದೆ. ಎಂತಕ್ಕೆ ಹಿಡ್ದು ಕೂರುದು?" ಅವನಿಗೆ ನಿರಾಳವಾದಂತೆ ಕಂಡಿತು. ಎದ್ದು ಹೊರಗೆ ಅಬ್ಬಾನ ಸ್ಪೀಕರ್ ಪೆಟ್ಟಿಗೆಗಳ ಮೇಲೆ ಹೋಗಿ ಕೂತ.

ಅಷ್ಟರಲ್ಲಿ ಮಮತಕ್ಕನಿಗೆ ಫೋನ್ ಬಂತು. ಆಸ್ಪತ್ರೆಯದು. ಬೆಡ್ ಖಾಲಿಯಾಗಿದೆ, ಭಾನುವಾರವೇ ಬಂದು ಸೇರಿಕೊಳ್ಳಿ, ಸೋಮವಾರ ಆಪರೇಷನ್. "ಹೂಂ... ಹೂಂ..." ಎನ್ನುತ್ತ ಮಮತಕ್ಕ ಗೋಡೆಯ ಗಾದಿಯ ದಾರ ಕೀಳುತ್ತಿದ್ದಳು.

ಜನವರಿ 17, ಶುಕ್ರವಾರ

ಬುಧವಾರ ಚಟ್ ಇರಲಿಲ್ಲ. ಗುರುವಾರ ಇತ್ತು. ನಡುವೆ ಏನು ಮಾಡಿದೆ? ಬೆಳಿಗ್ಗೆಯಿಂದ ಇದೊಂದೇ. ಹಲ್ಲುಜ್ಜುವಾಗಲೂ ಇದೇ.

ಬುಧವಾರ ರಾತ್ರಿ ಬಟ್ಟೆ ಅಂಗಡಿಯವರಿಗೆ ಇನ್ನೊಂದು ಫೈಲ್ ಕಳಿಸಿದೆ. ಕಳಿಸಲು ಇಂಟರ್ನೆಟ್ ಬೇಕಿತ್ತು. ಇಂಟರ್ನೆಟ್ಟಿಗೆ ಡಾಂಗಲ್. ಅದನ್ನು ಮುಂದಿನ ತೂತಿಗೆ ಸಿಕ್ಕಿಸಿದ್ದೆ. ಹಾಗೇ ಬಿಟ್ಟಿದ್ದೆ.

ಕಿತ್ತೆ. ಓದಿದೆ. ಚಟ್ ಇಲ್ಲ. ಹಾಕಿದೆ. ಚಟ್. ಕಿತ್ತೆ. ಇಲ್ಲ. ಕೇಬಲ್ ಪಾಪದ್ದು, ಅದರ ತಪ್ಪೇನೂ ಇಲ್ಲ. ಬೆರಳಿನ ಉಗುರಿನಷ್ಟು ದೊಡ್ಡ ಡಾಂಗಲ್ ಗಳಿಗೆಗೊಮ್ಮೆ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಉದಯಣ್ಣನ ಮಾತು ಹಿಡಿಯುವವರಿಲ್ಲ. ಕಿರುಚಬೇಕು ಅನ್ನಿಸಿತು. ಕಿರುಚಿದೆ. ಅಬ್ಬಾ ಓಡಿ ಬಂದರು.

ಮಮತಕ್ಕನಿಗೆ ಫೋನ್ ಮಾಡಿದೆ. "ಸಿಕ್ಕಿತು ಅಕ್ಕಾ. ನಾಳೆ ಒಂದೇ ಒಂದು ಸಲ."

ಅವಳು ಹೇಳಿದಳು, "ಅವರು ಬರುದಿಲ್ಲ ಹೇಳ್ತಾರೆ. ನಾನೂ ಕರೆಯುದಿಲ್ಲ ನಿಲೋಫರ್. ಇದ್ದ ದನಿಯನ್ನೂ ಮಿಷನ್ನಿಗೆ ಸುರಿದು ಖಾಲಿ ಮಾಡಿದ ಹಾಂಗೆ ಆಯ್ತು. ಇರುವ ಎರಡು ದಿನ ಮನೇಲಿ ಮಾತಾಡ್ಲಿ."

ಫೋನ್ ಇಟ್ಟಳು. ಅಬ್ಬಾಗೆ ಹೇಳಿದೆ. ಅವರು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಜುಮಾ ನಮಾಜಿಗೆ ಹೋಗಿ ಬಂದವರು ಮತ್ತೆ ಅದನ್ನೇ ಶುರು ಮಾಡಿದರು. ಕಡೆಗೆ ನಿಂತು ಕೇಳಿದರು, "ಅವನು ಬರದಿದ್ದರೆ ನಿನ್ನ ಕಂಪ್ಯೂಟರ್ ಹೋಗಬಾರದು ಅಂತ ಇದೆಯಾ?"

ಜನವರಿ 18, ಶನಿವಾರ

ಮರೆಯುವ ಮೊದಲು ಬರೆದುಬಿಡಬೇಕು.

ನಸುಕಿನಲ್ಲೇ ಅಬ್ಬಾನ ವ್ಯಾನಿಗೆ ಎಲ್ಲ ಏರಿಸಿದೆವು. ಕಂಪ್ಯೂಟರ್ ಡಬ್ಬಿ ನನ್ನ ಮಡಿಲಲ್ಲಿ, ಕಂಬಳಿ ಸುತ್ತಿ. ಮಾನಿಟರ್ ಒಯ್ಯಲಿಲ್ಲ, ಅವರ ಟಿವಿಗೇ ಜೋಡಿಸಬಹುದು ಅಂತ. ಸಿದ್ದಾಪುರದ ರಸ್ತೆಯ ಪ್ರತಿ ಹೊಂಡಕ್ಕೂ ಅಬ್ಬಾನನ್ನು ಬೈದೆ.

ಬಾಗಿಲು ತೆಗೆದ ಮಮತಕ್ಕನ ಮುಖ ಗಂಟಿಕ್ಕಿತು. ಶನಿವಾರ, ಬೆಳಗಿನ ಶಾಲೆ. ಅವಳಿಗೆ ದೋಸೆಯ ಗಡಿಬಿಡಿ, ಸನ್ನಿಧಿಗೆ ಕಾಲುಚೀಲ ಸಿಕ್ಕುತ್ತಿಲ್ಲ. ಉದಯಣ್ಣ ಅಡುಗೆಮನೆ ಬಾಗಿಲಲ್ಲಿ ಲೋಟ ಹಿಡಿದು ಕೂತಿದ್ದ. ನನ್ನನ್ನು ನೋಡಿ, "ಮನೆ ತನಕ ಬಂತಾ ಇದು! ಬೇಡ ಅಂದೆ ಅಲ್ದಾ ತಂಗಿ."

"ಮೂಲೆಯಲ್ಲಿ ಇಟ್ಟಿರ್ತೇನೆ ಅಣ್ಣಾ. ನೀವು ಮಾತಾಡಬೇಡಿ."

ಟಿವಿ ಇರುವ ಹಾಲ್‌ನಲ್ಲಿ ಜೋಡಿಸಿದೆ. ಡಾಂಗಲ್ ಶಿರಸಿಯಲ್ಲೇ ಬಿಟ್ಟು ಬಂದಿದ್ದೆ. ಉದ್ದದ ಕೇಬಲ್, ಕೈಯಲ್ಲಿ ಹಿಡಿಯುವ ಮೈಕು. ಮೀಟರ್ ಅಲ್ಲಾಡುತ್ತಿತ್ತು. ರೆಕಾರ್ಡ್ ಒತ್ತಿಟ್ಟೆ. ಪಾತ್ರೆ ಸದ್ದಾದರೂ ಸಿಗಲಿ.

ಅಬ್ಬಾ ಮೈಕು ಎತ್ತಿಕೊಂಡರು. ಅಭ್ಯಾಸ. ಊದಿದರು. "ಹಲೋ, ಹಲೋ. ಮೈಕ್ ಟೆಸ್ಟಿಂಗ್." ಆಮೇಲೆ, ಇಪ್ಪತ್ತು ವರ್ಷದಿಂದ ಪ್ರತಿ ಮೈದಾನದಲ್ಲಿ ಮಾಡಿದ ಹಾಗೆ, ಅದನ್ನು ಒರೆಸಿ ಉದಯಣ್ಣನ ಕಡೆ ಚಾಚಿದರು. ಉದಯಣ್ಣನ ಕೈಯೂ ತಾನಾಗಿ ಮುಂದೆ ಬಂತು. ತೆಗೆದುಕೊಂಡ ಮೇಲೆ ಏನು ಮಾಡಿದೆ ಅಂತ ಅವನಿಗೆ ತಿಳಿಯಿತು. ಮೈಕನ್ನೇ ನೋಡಿದ. ಒಲೆಯ ಮುಂದಿನ ಹೆಂಡತಿಯನ್ನು ನೋಡಿದ. ಕೆಮ್ಮಿದ.

"ನಮಸ್ಕಾರ, ನಮಸ್ಕಾರ, ನಮಸ್ಕಾರ! ತ್ಯಾಗಲಿ ಅಡುಗೆಮನೆ ಕ್ರೀಡಾಂಗಣಕ್ಕೆ ತಮಗೆಲ್ಲ ಸ್ವಾಗತ. ಬಲಗಡೆ ಅಂಕಣದಲ್ಲಿ ಅನುಭವಿ ಆಟಗಾರ್ತಿ ಮಮತಾ. ಎಡಗಡೆ ಮೂರನೇ ಕ್ಲಾಸಿನ ಮಿಂಚು, ಒಂದೇ ಕಾಲುಚೀಲದ ಸನ್ನಿಧಿ! ಇನ್ನೊಂದು ಕಾಲುಚೀಲ ಎಲ್ಲಿ? ರೆಫರಿಗೂ ಗೊತ್ತಿಲ್ಲ!"

ಸನ್ನಿಧಿ ಕಿಸಕ್ಕೆಂದಳು. ಮಮತಕ್ಕ ಸೌಟು ಹಿಡಿದು ತಿರುಗಿದಳು.

"ಮಮತಾ ಅವರ ಸರ್ವಿಸ್. ದೋಸೆ ಮೇಲೆದ್ದಿದೆ... ತಟ್ಟೆಗೆ ಬಿದ್ದಿದೆ! ಸನ್ನಿಧಿ ಒಪ್ಪುತ್ತಿಲ್ಲ. ಚಟ್ನಿ ಬೇಡವಂತೆ, ಬೆಲ್ಲವಂತೆ. ಮಮತಾ ಕಣ್ಣು ಬಿಟ್ಟಿದ್ದಾರೆ. ಓಹೋ, ಆ ಕಣ್ಣು! ಮಹನೀಯರೇ, ಹನ್ನೆರಡು ವರ್ಷದಿಂದ ಈ ಕಣ್ಣಿನ ಎದುರು ಒಂದೇ ಒಂದು ಸೆಟ್ ಗೆದ್ದವನಲ್ಲ ನಾನು."

"ಸಾಕು, ಕೂಸಿಗೆ ಹೊತ್ತಾಯ್ತು" ಎಂದಳು ಮಮತಕ್ಕ. ನಗುತ್ತಿದ್ದಳು. ಕುಕ್ಕರ್ ಸೀಟಿ ಹೊಡೆಯಿತು. "ಟೈಮ್ ಔಟ್!" ಎಂದ ಉದಯಣ್ಣ.

ಜಡೆ ಹೆಣೆಯುವುದು, ರಿಬ್ಬನ್ ಕಟ್ಟುವುದು, ಕಾಲುಚೀಲ ಬೆಕ್ಕಿನ ಕೆಳಗೆ ಸಿಕ್ಕಿದ್ದು—ಎಲ್ಲವನ್ನೂ ಹೇಳಿದ. ದನಿ ಒಡೆಯುತ್ತಿತ್ತು, ಅವನು ನಿಲ್ಲಿಸಲಿಲ್ಲ. ಸನ್ನಿಧಿ ಚೀಲ ಏರಿಸಿ ಅಂಗಳಕ್ಕಿಳಿದಾಗ ಮೈಕು ಹಿಡಿದೇ ಹಿಂದೆ ಹೋದ. ನಾನು ಕೇಬಲ್ ಬಿಡುತ್ತ ಬಾಗಿಲವರೆಗೆ. ಕೇಬಲ್ ಮುಗಿಯಿತು. ಅವನು ಹೊಸಿಲ ಮೇಲೆ ನಿಂತ.

"ಸನ್ನಿಧಿ ಅಂಗಳದ ದಣಪೆ ದಾಟಿದ್ದಾರೆ. ರಸ್ತೆಗೆ ಇಳಿದಿದ್ದಾರೆ. ತಿರುಗಿ ನೋಡುತ್ತಾರಾ? ನೋಡುವುದಿಲ್ಲವಾ? ನೋಡು ಮಗಾ... ನೋಡು... ನೋಡಿದರು! ಪಾಯಿಂಟ್!"

ಆಮೇಲೆ ದನಿ ಬರಲಿಲ್ಲ. ಬಾಯಿ ಅಲ್ಲಾಡಿತು, ಗಾಳಿ ಬಂತು. ಮೈಕನ್ನು ಅಬ್ಬಾನ ಕೈಗೆ ಕೊಟ್ಟು ಹಿತ್ತಲಿಗೆ ನಡೆದ.

ಸ್ಟಾಪ್ ಒತ್ತಿದೆ. ಪ್ಲೇ ಒತ್ತಿದೆ.

ಏನೂ ಇಲ್ಲ.

ಗೆರೆ ಓಡುತ್ತಿದೆ, ಮೀಟರ್ ಏರಿಳಿಯುತ್ತಿದೆ, ಹೆಡ್‌ಫೋನಿನಲ್ಲಿ ಪಿಟ್ಟೆನ್ನುವುದಿಲ್ಲ. ಮಮತಕ್ಕ ಹಿಂದೆಯೇ ನಿಂತಿದ್ದಳು. "ಎಂತ ಆಯ್ತು?" ಡಬ್ಬಿಯ ಗುಂಡಿ ತಿರುಗಿಸಿದೆ. ಹೆಡ್‌ಫೋನ್ ಕಿತ್ತು ಹಾಕಿದೆ. "ನಿಲೋಫರ್, ಎಂತ ಆಯ್ತು?"

ಟಿವಿ! ಟಿವಿಗೆ ಜೋಡಿಸಿದ ಕೂಡಲೇ ಕಂಪ್ಯೂಟರ್ ಸದ್ದನ್ನೂ ಅದಕ್ಕೇ ಕೊಟ್ಟಿದೆ. ಟಿವಿಯ ವಾಲ್ಯೂಮ್ ಸೊನ್ನೆಯಲ್ಲಿತ್ತು. ರಿಮೋಟ್ ಹುಡುಕಿ ಒತ್ತಿದೆ, ಒತ್ತುತ್ತ ಹೋದೆ—ಒಮ್ಮೆಲೇ ಮನೆ ತುಂಬ, "ಆ ಕಣ್ಣು! ಮಹನೀಯರೇ—"

ಮಮತಕ್ಕ ಅಲ್ಲೇ ನೆಲದ ಮೇಲೆ ಕೂತಳು. ಕೊನೆಯವರೆಗೆ ಕೇಳಿದೆವು. ಒಂದೂ ಚಟ್ ಇಲ್ಲ. ದನಿಯ ಬಿರುಕು ಮಾತ್ರ, ಅದು ಅವನದೇ.

"ಸೀಟಿ ಬಿದ್ದಲ್ಲಿ ತೆಗೀಲಾ ಅಕ್ಕಾ?"

"ಎಂತದೂ ತೆಗೀಬೇಡ."

ಜನವರಿ 20, ಸೋಮವಾರ

ಈ ಹೊತ್ತಿಗೆ ಒಳಗೆ ಕರೆದೊಯ್ದಿರಬೇಕು. ಫೈಲಿನ ಪ್ರತಿ ಮಾಡಿದೆ. ಇನ್ನೊಂದು ಮಾಡಿದೆ. ಅಬ್ಬಾಗೆ ಒಂದು ಪೆನ್‌ಡ್ರೈವ್, ಮಮತಕ್ಕನಿಗೆ ಒಂದು. ತೆರೆದು ಕೇಳಲು ಧೈರ್ಯವಿಲ್ಲ. ಕೆಲಸವೂ ಆಗುತ್ತಿಲ್ಲ. ಅಬ್ಬಾ ಸ್ಪೀಕರ್‌ಗಳನ್ನು ಒರೆಸುತ್ತಿದ್ದಾರೆ. ನಿನ್ನೆ ಒರೆಸಿದ್ದವನ್ನೇ.

ಸಂಜೆ. ಮಮತಕ್ಕನ ಮೆಸೇಜು. "ಆಯ್ತು. ಅಡ್ಡಿಲ್ಲೆ ಹೇಳಿದಾರೆ."

ಫೆಬ್ರವರಿ 9, ಭಾನುವಾರ

ಅಬ್ಬಾ ಹುಬ್ಬಳ್ಳಿಗೆ ಹೋಗಿ ಬಂದರು. ಉದಯಣ್ಣನ ಕತ್ತಿನಲ್ಲಿ ತೂತು, ಅದರಿಂದಲೇ ಉಸಿರು. ಒಳಗೆ ಸಣ್ಣ ವಾಲ್ವ್ ಇಟ್ಟಿದ್ದಾರಂತೆ. ತೂತಿಗೆ ಬೆರಳಿಟ್ಟು ಅಭ್ಯಾಸ ಮಾಡಿದರೆ ಒಂದು ರೀತಿಯ ಮಾತು ಬರುತ್ತದೆ.

"ಮಾತಾಡಿದರಾ?"

"ಇಲ್ಲ. ಸ್ಲೇಟಿನಲ್ಲಿ ಬರೆದ, ನಿಮ್ಮ ಆಂಪ್ಲಿಫಯರಿಗಿಂತ ನನ್ನದು ಹೊಸ ಮಾಡೆಲ್ ಅಂತ." ಅಬ್ಬಾ ನಗಲು ಹೋದರು. ಆಗಲಿಲ್ಲ.

ಏಪ್ರಿಲ್ 24, ಗುರುವಾರ

ಎಷ್ಟು ದಿನ ಬರೆದಿಲ್ಲ. ರಂಜಾನ್ ಬಂತು, ಹೋಯಿತು. ಹಬ್ಬದ ದಿನ ಉದಯಣ್ಣನ ಮನೆಗೆ ಶೀರ್ ಖುರ್ಮಾ ಕಳಿಸಿದ್ದೆವು. ಅವನ ಕರೆಂಟು ಕೊಡುವ ಚಿಕಿತ್ಸೆ, ರೇಡಿಯೇಷನ್, ಮುಗಿದಿದೆ.

ಇಂದು ಮಮತಕ್ಕನ ಫೋನ್. ಸನ್ನಿಧಿ ದಿನಾ ಟಿವಿಯಲ್ಲಿ ಆ ರೆಕಾರ್ಡ್ ಹಾಕುತ್ತಾಳಂತೆ. ಹಾಕಿದ ಕೂಡಲೇ ಉದಯಣ್ಣ ಎದ್ದು ಹೊರಗೆ ಹೋಗುತ್ತಾನೆ. "ಆಸ್ಪತ್ರೇಲಿ ಡಾಕ್ಟರ ಎದುರು ಮಾತಾಡಿದ್ದಾರೆ, ನಾ ಕೇಳಿದ್ದೆ. ಮನೇಲಿ ಒಂದು ಅಕ್ಷರ ಇಲ್ಲ. ಆ ದನಿ ಕೇಳಿದ ಮೇಲೆ ಈ ದನಿ ಹ್ಯಾಂಗೆ ತೆಗಿಯುದು ಹೇಳಿ ನಾಚಿಕೆ ಅವರಿಗೆ. ನಾವು ಅದ್ನ ಮಾಡಿದ್ದು ತಪ್ಪಾಯ್ತನಾ ನಿಲೋಫರ್?"

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ. ಮಧ್ಯಾಹ್ನದಿಂದ ಮನೆಯೊಳಗೆ ಸುತ್ತುತ್ತಿದ್ದೇನೆ.

ಏಪ್ರಿಲ್ 26, ಶನಿವಾರ

ಉದಯಣ್ಣ ಒಬ್ಬನೇ ಬಂದ. ಕತ್ತಿಗೆ ಬಿಳಿ ಬಟ್ಟೆ. ಸೊರಗಿದ್ದಾನೆ, ಆದರೆ ನಡಿಗೆ ಅದೇ. ಮೊಬೈಲಿನಲ್ಲಿ ಬರೆದು ತೋರಿಸಿದ: "ಅದನ್ನು ಅಳಿಸು."

"ನನ್ನ ಹತ್ತಿರ ಅಳಿಸಿದರೆ ನಿಮ್ಮ ಮನೆಯದು ಹೋಗ್ತದಾ?"

ಬರೆದ: "ಎಲ್ಲಾ ಕಡೆ ಅಳಿಸು. ಸನ್ನಿಧಿಗೆ ಟಿವಿಯೊಳಗಿನ ಅವನೇ ಸಾಕು. ನಾನು ಯಾರು?"

ಮೊಬೈಲು ಹಿಂದಕ್ಕೆ ಕೊಟ್ಟೆ. ಸಿಟ್ಟು ಬಂತು. "ಅವಳು ನಿಮ್ಮ ಈಗಿನ ದನಿ ಬೇಡ ಅಂದಳಾ? ಕೇಳಿಯೇ ಇಲ್ಲವಲ್ಲ ಅವಳು. ನಾನೂ ಕೇಳಿಲ್ಲ."

ಮುಖ ತಿರುಗಿಸಿದ. ನನಗೆ ಸುಮ್ಮನೆ ಕೂರಲಾಗಲಿಲ್ಲ. ಮೈಕು ಜೋಡಿಸಿದೆ, ಕುರ್ಚಿ ಎಳೆದೆ. "ಇಲ್ಲಿ ಒಮ್ಮೆ ಹೇಳಿ. ಚೆನ್ನಾಗಿಲ್ಲದಿದ್ದರೆ ಎರಡನ್ನೂ ನಿಮ್ಮೆದುರೇ ಅಳಿಸ್ತೇನೆ."

ಅವನು ಬಾಗಿಲಲ್ಲಿದ್ದ ಅಬ್ಬಾನನ್ನು ಹೊರಗೆ ಹೋಗಿ ಎಂದು ಸನ್ನೆ ಮಾಡಿದ. ಕೂತ. ಕತ್ತಿನ ಬಟ್ಟೆ ಸರಿಸಿ ಬೆರಳಿಟ್ಟ. ಮೊದಲು ಗಾಳಿ. ಆಮೇಲೆ ಒರಟು, ತಗ್ಗಿನ ಸದ್ದು, ನೆಲದ ಮೇಲೆ ಮರದ ಪೆಟ್ಟಿಗೆ ಎಳೆದ ಹಾಗೆ.

"ಸ... ನ್ನಿ... ಧಿ."

ಪ್ಲೇ ಮಾಡಿದೆ. ತಲೆ ತಗ್ಗಿಸಿ ಕೇಳಿದ. ಮತ್ತೊಮ್ಮೆ ಹಾಕು ಎಂದು ಕೈ. ಹಾಕಿದೆ. ಮೂರನೇ ಸಲಕ್ಕೆ ತಲೆ ಎತ್ತಿದ. ಬೆರಳಿಟ್ಟ.

"ಅಷ್ಟು... ಕೆಟ್ಟದಾಗಿಲ್ಲ... ಅಲ್ದಾ?"

"ಇಲ್ಲ ಅಣ್ಣಾ. ಹೆಸರು ಸರಿಯಾಗಿ ಕೇಳ್ತದೆ."

ಗೋಡೆಯಾಚೆ ಅಬ್ಬಾ ಜೋರಾಗಿ ಮೂಗು ಸೀಟಿದರು. ಉದಯಣ್ಣ ಮೊಬೈಲಿನಲ್ಲಿ ಬರೆದದ್ದನ್ನೆಲ್ಲ ಅಳಿಸಿ, ಐದು ಗಂಟೆಯ ಬಸ್ಸಿಗೆ ಹೋದ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ

ಮಮತಕ್ಕನ ಫೋನ್. ಉಸಿರು ಬಿಡದೆ ಮಾತಾಡಿದಳು. ನಿನ್ನೆ ಮನೆಗೆ ಹೋದವನು ಅಂಗಳದಲ್ಲಿ ನಿಂತು ಕರೆದನಂತೆ, "ಸನ್ನಿಧೀ" ಅಂತ. ಮಗಳು ಹೆದರಿ ಒಳಗೆ ಓಡಿ ಬಾಗಿಲ ಹಿಂದೆ ನಿಂತಳಂತೆ. ಅವನು ಅಲ್ಲೇ ನಿಂತ. ಒಳಗಿನಿಂದ ಅವಳು, "ಅಪ್ಪಾ, ನೀನಾ?" ಅಂದಳು. "ನಾನೇ" ಅಂದ. "ಮತ್ತೊಂದ್ಸಲ ಹೇಳು" ಅಂದಳು. ರಾತ್ರಿ ಊಟದವರೆಗೆ ಹೇಳಿಸಿದಳಂತೆ—ಬೆಕ್ಕಿನ ಹೆಸರು, ಊರಿನ ಹೆಸರು, ಮಗ್ಗಿ.

ಇಂದು ಇಲ್ಲಿಗೆ ಬರುತ್ತಾರೆ, ಮೂವರೂ. ಸನ್ನಿಧಿಗೆ ತನ್ನ ಕಾಮೆಂಟರಿಯೂ ರೆಕಾರ್ಡ್ ಆಗಬೇಕಂತೆ, ಅಪ್ಪ ದೋಸೆ ತಿನ್ನುವುದರದ್ದು. ಅಮ್ಮಿ ದೋಸೆ ಹಿಟ್ಟು ಇಲ್ಲ ಅಂತ ಪಕ್ಕದ ಮನೆಗೆ ಓಡಿದ್ದಾರೆ. ಅಬ್ಬಾ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿದ್ದಾರೆ, ನಾನು ಬೇಡ ಅನ್ನಲಿಲ್ಲ. ಮೈಕು ಎರಡು ಬೇಕು, ಒಂದು ಅವಳ ಎತ್ತರಕ್ಕೆ. ಎರಡನೆಯ ಸ್ಟ್ಯಾಂಡಿನ ತಿರುಪು ಸವೆದಿದೆ, ನಿಲ್ಲುತ್ತಿಲ್ಲ, ಟೇಪು ಸುತ್ತಿದರೆ—

ಬಂದೇ ಬಿಟ್ಟರು. ಅಂಗಳದಲ್ಲಿ ಅವನೇ ಕರೆಯುತ್ತಿದ್ದಾನೆ, "ಬ... ಷೀ... ರ್ ಸಾ... ಬ್!"